ಕೋಲಿಗೆ ಬಾಯಿಲ್ಲ: ಕಷ್ಟದ ಮನೆಗೆ ಹೋಗುವ ಬಗೆ

2011ರ ಮಾರ್ಚಿನಲ್ಲಿ ನನ್ನ ಯಜಮಾನರು ತೀರಿಕೊಂಡರು. ಮಣ್ಣು ಕೊಟ್ಟು ಬಂದ ಮೂರನೆಯ ರಾತ್ರಿ ಬೆಟಗೇರಿಯ ನಮ್ಮ ಓಣಿಗೆ ನಳ ಬಿಟ್ಟರು. ಗದಗ-ಬೆಟಗೇರಿಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ: ನಮ್ಮಲ್ಲಿ ಬೇಸಿಗೆಯಲ್ಲಿ ನಳದ ನೀರು ಹತ್ತು ಹದಿನೈದು ದಿನಕ್ಕೊಮ್ಮೆ. ಬಂದಾಗ ತುಂಬಿಟ್ಟುಕೊಳ್ಳದಿದ್ದರೆ ಮುಂದಿನ ಪಾಳಿಯ ತನಕ ಕೊಡ ಹಿಡಿದು ಓಣಿ ಓಣಿ ತಿರುಗಬೇಕು. ಆ ರಾತ್ರಿ ನನಗೆ ನಳದ ಸಪ್ಪಳವೇ ಕೇಳಿರಲಿಲ್ಲ. ಬೆಳಿಗ್ಗೆ ಹಿತ್ತಲಿಗೆ ಹೋದರೆ ಎರಡು ಬ್ಯಾರಲ್, ಒಂಬತ್ತು ಕೊಡ, ಬಟ್ಟೆ ಒಗೆಯುವ ಬಕೆಟ್ ಸಹ ತುಂಬಿ ನಿಂತಿದ್ದವು. ಕುಡಿಯುವ ನೀರಿನ ಕೊಡಗಳ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಪಕ್ಕದ ಮನೆಯ ಅಕ್ಕ ರಾತ್ರಿ ಒಂದೂವರೆಗೆ ಎದ್ದು ಹಿತ್ತಲ ಬಾಗಿಲಿನಿಂದ ಬಂದು ತುಂಬಿಸಿ ಹೋಗಿದ್ದಳು. ಅವರು ಲಿಂಗಾಯತರು, ನಾವು ಮಿಷನ್ ಕಾಂಪೌಂಡಿನ ಕ್ರೈಸ್ತರು. ಮರುದಿನ ಕೇಳಿದರೆ, “ನೀರು ಬಂದಿತ್ತಲ್ಲಬೇ, ತುಂಬಿಸಿದೆ” ಅಂದಳು, ಅಷ್ಟೇ.

ಆ ವಾರ ನಮ್ಮ ಮನೆಗೆ ನೂರಾರು ಜನ ಬಂದರು. ಎಲ್ಲರೂ ಧೈರ್ಯ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವರ ಮಾತುಗಳಲ್ಲಿ ಇವತ್ತು ಒಂದೂ ನೆನಪಿಲ್ಲ. ಆ ಬಿಳಿ ಬಟ್ಟೆ ಕಟ್ಟಿದ ಕೊಡಗಳು ಕಣ್ಣ ಮುಂದೆ ಹಾಗೇ ಇವೆ.

ನಾವು ‘ಧೈರ್ಯ ಹೇಳುವುದು’ ಅನ್ನುತ್ತೇವೆ, ‘ಸಮಾಧಾನ ಹೇಳುವುದು’ ಅನ್ನುತ್ತೇವೆ. ಭಾಷೆಯೇ ಹಾಗಿರುವುದರಿಂದ, ಕಷ್ಟದ ಮನೆಗೆ ಹೋದರೆ ಏನಾದರೂ ಹೇಳಲೇಬೇಕು ಅಂದುಕೊಂಡಿರುತ್ತೇವೆ. ಆದರೆ ನಾವು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಬೈಬಲಿನ 23ನೆಯ ಕೀರ್ತನೆಯನ್ನು ನಿಧಾನವಾಗಿ ಓದಿ ನೋಡಿ. ಕಾರ್ಗತ್ತಲಿನ ಕಣಿವೆಯ ಮಾತು ಬಂದಾಗ ದಾವೀದನು “ನಿನ್ನ ದೊಣ್ಣೆಯೂ ನಿನ್ನ ಕೋಲೂ ನನಗೆ ಧೈರ್ಯಕೊಡುತ್ತವೆ” ಅನ್ನುತ್ತಾನೆ. ಹೇಳುತ್ತವೆ ಅಂದಿಲ್ಲ, ಕೊಡುತ್ತವೆ ಅಂದಿದ್ದಾನೆ. ಕೋಲಿಗೆ ಬಾಯಿಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಎರೆಹೊಲಗಳಲ್ಲಿ ಕುರಿಗಾರರು ಹಿಂಡು ನಿಲ್ಲಿಸುವುದನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಕುರುಬ ರಾತ್ರಿಯೆಲ್ಲ ಕುರಿಗಳ ಜೊತೆ ಮಾತಾಡುತ್ತ ಕೂಡುವುದಿಲ್ಲ. ಕಂಬಳಿ ಹೊದ್ದು, ಕೋಲು ಪಕ್ಕದಲ್ಲಿಟ್ಟುಕೊಂಡು, ಅಲ್ಲೇ ಇರುತ್ತಾನೆ.

ನಾನು 34 ವರ್ಷ ನರ್ಸ್ ಕೆಲಸ ಮಾಡಿದವಳು. ನಿವೃತ್ತಿಯ ನಂತರ ನಮ್ಮ ಸಭೆಯ, ಅಂದರೆ ಚರ್ಚಿನ, ಸ್ತ್ರೀಯರ ಕೂಟದಿಂದ ಮನೆ ಭೇಟಿಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಈಚೆಗೆ ಕೂಟಕ್ಕೆ ಸೇರಿದ ಹುಡುಗಿಯರು, “ಆಂಟಿ, ಹೋಗಬೇಕು ಅನ್ನಿಸತೈತಿ, ಹೋಗಿ ಏನ್ ಮಾಡೋದು ಅಂತ ತಿಳಿಯೂದಿಲ್ಲ” ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ಒಬ್ಬರೇ ಹೋಗಿ, ಹೆಚ್ಚೆಂದರೆ ಇಬ್ಬರು. ಹನ್ನೆರಡು ಜನ ಒಂದು ಟಂಟಂ ಮಾಡಿಕೊಂಡು ಹೋದರೆ, ಅತ್ತು ಅತ್ತು ಸೋತಿರುವ ಆ ಮನೆಯ ಹೆಣ್ಣುಮಗಳು ಎದ್ದು ಹನ್ನೆರಡು ಕಪ್ ಚಹಾ ಮಾಡಬೇಕಾಗುತ್ತದೆ. ಊಟದ ಹೊತ್ತು ಬೇಡ, ಮಕ್ಕಳು ಶಾಲೆಗೆ ಹೊರಡುವ ಹೊತ್ತು ಬೇಡ. ಬೆಳಿಗ್ಗೆ ಹನ್ನೊಂದರ ಸುಮಾರು ಅಥವಾ ಸಂಜೆ ನಾಲ್ಕಕ್ಕೆ ಒಳ್ಳೆಯದು.

ಫೋನ್ ಮಾಡಿದಾಗ “ಬರಲೇನು?” ಅಂತ ಕೇಳಬೇಡಿ. ಕಷ್ಟದಲ್ಲಿರುವವರು “ಯಾಕ ಸುಮ್ಮನ ತ್ರಾಸು” ಅಂತಲೇ ಅನ್ನುತ್ತಾರೆ. “ನಾಳೆ ನಾಲ್ಕಕ್ಕ ಬರ್ತೀನಿ, ಅರ್ಧ ತಾಸು ಕುಂತು ಹೋಗ್ತೀನಿ, ಚಾ ಇಡಬ್ಯಾಡ” ಅಂತ ಹೇಳಿ. ಹೇಳಿದ ಹೊತ್ತಿಗೇ ಹೋಗಿ, ಹೇಳಿದಷ್ಟೇ ಹೊತ್ತು ಇರಿ. ದುಃಖದ ಮನೆಯಲ್ಲಿ ದಿನಗಳಿಗೆ ಆಕಾರವೇ ಇರುವುದಿಲ್ಲ. ನಾಲ್ಕು ಗಂಟೆಗೆ ಒಬ್ಬರು ಬರುತ್ತಾರೆ ಅನ್ನುವುದು ಆ ದಿನಕ್ಕೆ ನೆಟ್ಟ ಒಂದು ಗೂಟ ಇದ್ದ ಹಾಗೆ.

“ಏನಾರ ಬೇಕಾದ್ರ ಹೇಳ್ರಿ” ಅನ್ನುವ ಮಾತನ್ನೂ ಬಿಟ್ಟುಬಿಡಿ. ಅದರಿಂದ ಅವರ ತಲೆಯ ಮೇಲೆ ಇನ್ನೊಂದು ಕೆಲಸ ಹೇರಿದಂತೆ. ಏನು ಬೇಕು ಅಂತ ಯೋಚಿಸಬೇಕು, ಯಾರನ್ನು ಕೇಳಬೇಕು ಅಂತ ನೋಡಬೇಕು, ನಾಚಿಕೆ ಬಿಟ್ಟು ಕೇಳಬೇಕು. ಪಕ್ಕದ ಮನೆಯ ಅಕ್ಕ ನನ್ನನ್ನು ಏನೂ ಕೇಳಲಿಲ್ಲ. ನೀರು ಬಂದಿತ್ತು, ತುಂಬಿಸಿದಳು. ನೀವೂ ಕಣ್ಣು ತೆರೆದು ನೋಡಿ: ಗ್ಯಾಸ್ ಸಿಲಿಂಡರ್ ಇದೆಯಾ, ಮಕ್ಕಳ ಯೂನಿಫಾರ್ಮ್ ಇಸ್ತ್ರಿ ಆಗಿದೆಯಾ, ಎಮ್ಮೆಗೆ ಮೇವು ಹಾಕಿದ್ದಾರಾ, ಕರೆಂಟ್ ಬಿಲ್ಲಿನ ಕೊನೆಯ ದಿನ ಯಾವುದು. ಒಂದನ್ನು ಆರಿಸಿಕೊಂಡು ಮಾಡಿಬಿಡಿ.

ಕೂಡುವುದು

ಹೋದ ಮೇಲೆ ಮಾಡಬೇಕಾದ ದೊಡ್ಡ ಕೆಲಸ ಕೂಡುವುದು. ಇದು ಕೇಳಲು ಸುಲಭ, ಮಾಡಲು ಕಷ್ಟ. ಮೌನ ಬಂದ ಕೂಡಲೇ ನಮಗೆ ಗಾಬರಿಯಾಗುತ್ತದೆ, ಬಾಯಿ ತೆರೆಯುತ್ತೇವೆ.

ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಮೂವರು ಸ್ನೇಹಿತರನ್ನು ನಾವು ಯಾವಾಗಲೂ ಬೈಯುತ್ತೇವೆ. ಆದರೆ ಅವರು ಮೊದಲು ಮಾಡಿದ ಕೆಲಸ ನೋಡಿ. ದೂರದ ಊರುಗಳಿಂದ ಮಾತಾಡಿಕೊಂಡು ಹೊರಟು ಬಂದರು, ಅವನ ಗುರುತೇ ಸಿಗದಷ್ಟು ಅವನು ಬದಲಾಗಿದ್ದನ್ನು ಕಂಡು ಗಟ್ಟಿಯಾಗಿ ಅತ್ತರು, ಏಳು ಹಗಲು ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಕೂತರು, ಒಬ್ಬನೂ ಒಂದು ಮಾತಾಡಲಿಲ್ಲ. ಎಂಟನೆಯ ದಿನ ಊರಿಗೆ ಹೋಗಿಬಿಟ್ಟಿದ್ದರೆ ಇವತ್ತು ಅವರ ಹೆಸರನ್ನು ಮಕ್ಕಳಿಗೆ ಇಡುತ್ತಿದ್ದೆವೇನೋ. ಅವರು ಕೆಟ್ಟಿದ್ದು ಕಾರಣ ಹೇಳಲು ಹೊರಟಾಗ. ನೀನು ಏನೋ ಮಾಡಿರಬೇಕು, ಅದಕ್ಕೇ ಹೀಗಾಗಿದೆ ಅಂದರು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು, ದೇವರನ್ನೇ ಪ್ರಶ್ನಿಸಿ ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಈ ಸ್ನೇಹಿತರ ಮೇಲೆ. ನಮ್ಮಂಥ ಭೇಟಿ ಮಾಡುವವರು ಈ ಜಾಗವನ್ನು ವರ್ಷಕ್ಕೊಮ್ಮೆಯಾದರೂ ಓದಬೇಕು.

ನಾನೂ ಆ ತಪ್ಪು ಮಾಡಿದ್ದೇನೆ. 1986ರಲ್ಲಿ, ಕೆಲಸಕ್ಕೆ ಸೇರಿದ ಹೊಸತು. ಹೆರಿಗೆ ವಾರ್ಡಿನಲ್ಲಿ ಒಬ್ಬ ತಾಯಿಯ ಎರಡು ದಿನದ ಕೂಸು ಹೋಯಿತು. ನಾನು ಅವಳ ಮಂಚದ ಪಕ್ಕ ನಿಂತು, “ದೇವರ ತೋಟಕ್ಕೆ ಹೂವು ಬೇಕಾಗಿತ್ತು ತಂಗಿ, ಚೆಂದದ ಹೂವು ನೋಡಿ ತಗೊಂಡಾನ” ಅಂದೆ. ಎಲ್ಲೋ ಕೇಳಿದ ಮಾತು ಅದು. ಅವಳು ನನ್ನ ಮುಖವನ್ನೇ ನೋಡಿ, “ಅಷ್ಟು ದೊಡ್ಡ ತೋಟದಾಂವಗ ನನ್ನ ಒಂದ ಹೂವು ಯಾಕ ಬೇಕಾಗಿತ್ರಿ?” ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಡಿಸ್ಚಾರ್ಜ್ ಆಗುವ ತನಕ ನಾನು ಬಂದಾಗಲೆಲ್ಲ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು. ನಾನು ದೇವರನ್ನು ಅವಳ ಕಣ್ಣಿನಲ್ಲಿ ಕಳ್ಳನನ್ನಾಗಿ ಮಾಡಿಬಿಟ್ಟಿದ್ದೆ. ಇದಕ್ಕಾಗಿ ನಾನು ಎಷ್ಟೋ ಸಲ ಪ್ರಾರ್ಥನೆಯಲ್ಲಿ ಕ್ಷಮೆ ಕೇಳಿದ್ದೇನೆ. ಅವಳಲ್ಲಿ ಕೇಳುವ ಅವಕಾಶ ಸಿಗಲಿಲ್ಲ.

ಹಾಗಾಗಿ ಕೆಲವು ಮಾತುಗಳನ್ನು ನಾನು ಪೂರ್ತಿ ಬಿಟ್ಟಿದ್ದೇನೆ, ನೀವೂ ಬಿಡಿ. “ದೇವರ ಚಿತ್ತ” ಅನ್ನುವುದು ಅದರಲ್ಲಿ ಮೊದಲನೆಯದು. ಅದು ಸುಳ್ಳು ಅಂತಲ್ಲ, ಆದರೆ ಅದನ್ನು ಹೇಳುವ ಹಕ್ಕು ಕಷ್ಟಪಡುವವರದು, ನೋಡಲು ಬಂದವರದಲ್ಲ. ಯೇಸು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ “ನಿನ್ನ ಚಿತ್ತದಂತಾಗಲಿ” ಅಂದದ್ದು ತನ್ನ ಬಗ್ಗೆ, ಬೆವರು ಸುರಿಸುತ್ತ. “ಅಳಬ್ಯಾಡ” ಬೇಡ. “ಇನ್ನೂ ವಯಸ್ಸು ಐತಿ, ಇನ್ನೊಂದು ಆಗತೈತಿ” ಬೇಡ. “ನನ್ನ ನಾದಿನಿಗೂ ಇದೇ ರೋಗ ಆಗಿತ್ತು” ಅಂತ ಶುರು ಮಾಡಿ ಆ ನಾದಿನಿ ಸತ್ತ ಕಥೆ ಹೇಳುವುದಂತೂ ಬೇಡವೇ ಬೇಡ. “ನಿನ್ನ ವಿಶ್ವಾಸ ಇನ್ನಷ್ಟು ಗಟ್ಟಿ ಇದ್ದಿದ್ದರ” ಅನ್ನುವವರನ್ನು ಕಂಡರೆ ನಾನು ಕೈ ಹಿಡಿದು ಹೊರಗೆ ಕರೆದುಕೊಂಡು ಬರುತ್ತೇನೆ. ಹುಟ್ಟುಕುರುಡನನ್ನು ತೋರಿಸಿ, ಯಾರ ಪಾಪದಿಂದ ಹೀಗಾಯಿತು ಅಂತ ಶಿಷ್ಯರು ಕೇಳಿದಾಗ, ಇವನದೂ ಅಲ್ಲ ಇವನ ತಂದೆತಾಯಿಗಳದೂ ಅಲ್ಲ ಅಂತ ಯೇಸು ಆ ಪ್ರಶ್ನೆಯ ಬಾಯಿ ಮುಚ್ಚಿಸಿದ್ದಾನೆ.

ಹಾಗಾದರೆ ಏನನ್ನಬೇಕು? “ಸುದ್ದಿ ಕೇಳಿದೆ, ಬಂದೆ.” ಇಷ್ಟು ಸಾಕು. ತೀರಿಕೊಂಡವರ ಹೆಸರು ತೆಗೆಯಿರಿ, ಹೆದರಬೇಡಿ. ಅವರ ಬಗ್ಗೆ ನಿಮಗೆ ಗೊತ್ತಿರುವ ಒಂದು ಸಣ್ಣ ಸಂಗತಿ ಹೇಳಿ. ನಮ್ಮ ಯಜಮಾನರು ಕ್ರಿಸ್ಮಸ್ ಹೊತ್ತಿಗೆ ಓಣಿಯ ಮಕ್ಕಳಿಗೆಲ್ಲ ಬಿದಿರು ಸೀಳಿ ನಕ್ಷತ್ರ ಕಟ್ಟಿಕೊಡುತ್ತಿದ್ದರು. ನೇಯ್ಗೆಯ ಮನೆಯ ಒಬ್ಬ ಹುಡುಗ, ಆಗ ಹದಿನೆಂಟು ವರ್ಷದವನಿರಬೇಕು, ಬಂದು ಬಾಗಿಲಲ್ಲೇ ನಿಂತು, “ಕಾಕಾ ನನಗ ನಕ್ಷತ್ರದ ಗಂಟು ಹಾಕೂದು ಕಲಿಸಿದ್ರು” ಅಂದ. ಅವತ್ತು ನಾನು ಮೊದಲ ಸಲ ಮನಸ್ಸು ಬಿಚ್ಚಿ ಅತ್ತೆ. ಅಳು ಬಂದರೆ ನೀವೂ ಅಳಿ. “ಅಳುವವರ ಸಂಗಡ ಅಳಿರಿ” ಅಂತಲೇ ಪೌಲನು ಬರೆದದ್ದು. ಸತ್ತುಹೋದ ಲಾಜರನನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಅವನ ಸಹೋದರಿಯರ ಎದುರು ಕಣ್ಣೀರು ಬಿಟ್ಟನು. ಮಾರ್ಥಳೂ ಮರಿಯಳೂ ಅವನಿಗೆ ಹೇಳಿದ್ದು ಒಂದೇ ಮಾತು: ನೀನು ಇಲ್ಲಿದ್ದಿದ್ದರೆ ಇವನು ಸಾಯುತ್ತಿರಲಿಲ್ಲ. ಅದು ಆರೋಪ. ಅದಕ್ಕೆ ಅವನು ಸಿಟ್ಟಾಗಲಿಲ್ಲ. ನಿಮ್ಮೆದುರು ಯಾರಾದರೂ ದೇವರನ್ನು ಬೈದರೆ ನೀವೂ ಸಿಟ್ಟಾಗಬೇಡಿ. ದೇವರ ಮಾನ ಕಾಯುವ ಕೆಲಸ ನಮಗೆ ಯಾರೂ ಕೊಟ್ಟಿಲ್ಲ.

ಮೊದಲು ರೊಟ್ಟಿ

ನಮ್ಮ ಮನೆತನದಲ್ಲಿ ಒಂದು ಮಾತು ನಡೆದುಕೊಂಡು ಬಂದಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ. 1876–78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ನನ್ನ ಮುತ್ತಜ್ಜಿ ತಂದೆತಾಯಿ ಕಳೆದುಕೊಂಡು, ಆರೇಳು ವರ್ಷದ ಹುಡುಗಿ, ಮಿಷನ್ ಮನೆಯ ಬಾಗಿಲಿಗೆ ಬಂದು ಬಿದ್ದಳಂತೆ. ಮುದುಕಿಯಾದ ಮೇಲೂ ಅವಳು ಹೇಳುತ್ತಿದ್ದುದು ಒಂದೇ: “ದೊರೆಸಾನಿ ಮೊದಲ ಗಂಜಿ ಕೊಟ್ಟಳು. ಎರಡ ದಿನಾ ಗಂಜೀನ ಕೊಟ್ಟಳು. ಹೆಸರು ಕೇಳಿದ್ದು ಮೂರನೇ ದಿನ.”

ಪ್ರವಾದಿ ಎಲೀಯನ ಕಥೆಯಲ್ಲೂ ದೇವರ ಕ್ರಮ ಇದೇ. ತನ್ನನ್ನು ಕೊಲ್ಲಿಸಲು ಹೊರಟ ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಅಡವಿಯ ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅಂತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ಬಿಸಿ ರೊಟ್ಟಿ, ನೀರು ಇಟ್ಟು ಮುಟ್ಟಿ ಎಬ್ಬಿಸುತ್ತಾನೆ. ತಿಂದು ಮತ್ತೆ ಮಲಗಿದಾಗ ಮಲಗಲು ಬಿಡುತ್ತಾನೆ. ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನು ಅಂತಾನೆ. ಮಾತು ಶುರುವಾಗುವುದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟಕ್ಕೆ ಹೋದ ಮೇಲೆ.

ಅಡುಗೆ ಒಯ್ಯುವವರಿಗೆ ಕೆಲವು ಮಾತು. ಮೊದಲ ದಿನಗಳಲ್ಲಿ ಗಂಟಲಿನಲ್ಲಿ ಏನೂ ಇಳಿಯುವುದಿಲ್ಲ. ಮೆತ್ತಗಿನ ಅನ್ನ, ಖಾರವಿಲ್ಲದ ಬ್ಯಾಳಿ ಸಾರು, ಮಜ್ಜಿಗೆ, ರವೆ ಗಂಜಿ ಇಂಥವು ಬೇಕು. ನೆಂಟರೆಲ್ಲ ಹೋದ ಮೇಲೆ, ಎರಡನೆಯ ವಾರದಿಂದ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಒಯ್ಯಿರಿ. ಕೆಡುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಹಸಿವಾದರೂ ಮುರಿದು ತಿನ್ನಬಹುದು. ಡಬ್ಬಿ ವಾಪಸ್ ಕೊಡುವ ಚಿಂತೆ ಅವರಿಗೆ ಇರಬಾರದು. ಹಳೆಯ ಡಬ್ಬಿಯಲ್ಲಿ ಒಯ್ದು, “ಇದು ಇಲ್ಲೇ ಇರಲಿ” ಅಂತ ಹೇಳಿಬಿಡಿ. ಸಕ್ಕರೆ ಕಾಯಿಲೆ ಇದೆಯಾ ಅಂತ ಮೊದಲೇ ತಿಳಿದುಕೊಳ್ಳಿ. ದುಃಖದಲ್ಲಿ ಗುಳಿಗೆ ಮರೆಯುವವರು ಬಹಳ, ಬಿ.ಪಿ. ಗುಳಿಗೆ ತಗೊಂಡ್ರಾ ಅಂತ ಒಂದು ಮಾತು ಕೇಳಿ. ಇದನ್ನು ನರ್ಸ್ ಆಗಿ ಹೇಳುತ್ತಿದ್ದೇನೆ.

ದುಡ್ಡು ಕೊಡುವುದಾದರೆ ಲಕೋಟೆಯಲ್ಲಿಟ್ಟು, ಒಬ್ಬರೇ ಇರುವಾಗ, ಕೈಗೇ ಕೊಡಿ. ಚಳಿಯಲ್ಲಿ ನಡುಗುವವನಿಗೆ ‘ಬೆಚ್ಚಗಿರು, ಹೊಟ್ಟೆ ತುಂಬಿಸಿಕೊ’ ಅಂತ ಬರೀ ಮಾತಿನಲ್ಲಿ ಕಳಿಸಿದರೆ ಏನು ಬಂತು ಅಂತ ಯಾಕೋಬನು ಕೇಳುತ್ತಾನೆ.

ಆಸ್ಪತ್ರೆ ಮತ್ತು ಕಾಗದ ಪತ್ರ

ರೋಗಿಯ ಬಳಿ ಹತ್ತು ನಿಮಿಷ ಸಾಕು. ಉಳಿದ ಹೊತ್ತು ರೋಗಿಯನ್ನು ನೋಡಿಕೊಳ್ಳುವವರಿಗೆ ಕೊಡಿ. ವರಾಂಡದಲ್ಲಿ ನೆಲದ ಮೇಲೆ ಮಲಗುವ ಆ ಹೆಂಡತಿಯನ್ನೋ ತಾಯಿಯನ್ನೋ ಯಾರೂ ಮಾತಾಡಿಸುವುದಿಲ್ಲ. ನನ್ನ ಚೀಲದಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಚಾಪೆ, ಬಿಸಿನೀರಿನ ಥರ್ಮಾಸ್, ಉದ್ದ ವೈರಿನ ಮೊಬೈಲ್ ಚಾರ್ಜರ್, ಚಿಲ್ಲರೆ ನೋಟು, ಸೋಪು, ಒಗೆದ ಟವೆಲ್. “ನಾ ಇಲ್ಲಿ ಕುಂತಿರ್ತೀನಿ, ನೀ ಹೋಗಿ ಜಳಕ ಮಾಡಿ ಎರಡು ತಾಸು ಮಲಕ್ಕೊಂಡು ಬಾ” ಅಂದಾಗ ಅವರ ಮುಖದಲ್ಲಿ ಬರುವ ಕಳೆ ನಾನು ಬಹಳ ಕಡೆ ನೋಡಿದ್ದೇನೆ.

ಕಾಗದಪತ್ರದ ಓಡಾಟವೂ ಸೇವೆಯೇ. ಬಿಪಿಎಲ್ ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಆದರೆ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಇದು ಗೊತ್ತಿಲ್ಲದೆ ಬಂಗಾರ ಅಡವಿಟ್ಟವರಿದ್ದಾರೆ. ಆಧಾರ್, ರೇಷನ್ ಕಾರ್ಡಿನ ನಾಲ್ಕು ನಾಲ್ಕು ಜೆರಾಕ್ಸ್ ಮಾಡಿಸಿ ಒಂದು ಫೈಲಿನಲ್ಲಿ ಹಾಕಿಕೊಡಿ. ಸಾವಾದರೆ 21 ದಿನದೊಳಗೆ ನೋಂದಣಿ ಆಗಬೇಕು, ತಡವಾದಷ್ಟೂ ಅಲೆದಾಟ ಹೆಚ್ಚು. ಮರಣ ಪ್ರಮಾಣಪತ್ರ, ವಂಶವೃಕ್ಷ, ವಿಧವಾ ವೇತನದ ಅರ್ಜಿ ಇವಕ್ಕೆಲ್ಲ ಕಚೇರಿಗಳ ಸಾಲಿನಲ್ಲಿ ಅವಳ ಜೊತೆ ನಿಲ್ಲುವ ಒಬ್ಬರು ಬೇಕು. ನಮ್ಮ ಕೂಟದಲ್ಲಿ ಪ್ರಾರ್ಥನೆ ಚೆನ್ನಾಗಿ ಮಾಡುವವರು ಹತ್ತು ಜನ ಇದ್ದಾರೆ. ಸಾಲಿನಲ್ಲಿ ನಿಲ್ಲುವವರು ಇಬ್ಬರೇ. ನಾಲ್ವರಾದರೂ ಆಗಲಿ ಅಂತ ನನ್ನ ಪ್ರಾರ್ಥನೆ.

ಪ್ರಾರ್ಥನೆ ಮಾಡುವುದಾದರೆ

“ಪ್ರಾರ್ಥನೆ ಮಾಡಲೇನು?” ಅಂತ ಕೇಳಿ, ಹೂಂ ಅಂದರೆ ಮಾತ್ರ ಮಾಡಿ. ಎರಡು ನಿಮಿಷ ಸಾಕು. ಅವರ ಹೆಸರು ಹೇಳಿ, ಅವರು ಈಗಷ್ಟೇ ಹೇಳಿದ ಭಯವನ್ನು ಅವರ ಮಾತಿನಲ್ಲೇ ದೇವರ ಮುಂದಿಡಿ. ಪ್ರಾರ್ಥನೆಯ ನೆಪದಲ್ಲಿ ಅವರಿಗೆ ಪ್ರಸಂಗ ಮಾಡಬೇಡಿ. ವಾಕ್ಯ ಓದುವುದಾದರೆ ಜಯದ ಕೀರ್ತನೆಗಳನ್ನೇ ಹುಡುಕಬೇಡಿ. 13ನೆಯ ಕೀರ್ತನೆ, ಇನ್ನೆಷ್ಟರ ತನಕ ನನ್ನನ್ನು ಮರೆತಿರುತ್ತೀ ಅಂತ ದೇವರನ್ನು ಕೇಳುವುದು. 88ನೆಯದಂತೂ ಕತ್ತಲಿನ ಮಾತಿನಲ್ಲೇ ಮುಗಿಯುತ್ತದೆ, ಬೆಳಕೇ ಬರುವುದಿಲ್ಲ. ಯಜಮಾನರು ಹೋದ ವರ್ಷ ನನಗೆ ಆಧಾರವಾದದ್ದು ಅದು. ನನಗಿಂತ ಮುಂಚೆ ಯಾರೋ ಇಲ್ಲಿಗೆ ಬಂದು ಹೋಗಿದ್ದಾರೆ, ಅವರ ಕೂಗನ್ನು ಸತ್ಯವೇದದೊಳಗೇ ಇಟ್ಟಿದ್ದಾರೆ ಅನ್ನಿಸಿತು.

ಆ ಮನೆಯಲ್ಲಿ ಕೇಳಿದ್ದನ್ನು ‘ಪ್ರಾರ್ಥನಾ ವಿಷಯ’ ಅಂತ ಕೂಟದಲ್ಲಿ ಹರಡಬೇಡಿ. ಮಗಳ ಮದುವೆ ಮುರಿದದ್ದು, ಗಂಡನ ಕುಡಿತ, ಇವು ಹೀಗೇ ಊರೆಲ್ಲ ಆಗುತ್ತವೆ. ‘ಒಂದು ಕುಟುಂಬಕ್ಕಾಗಿ’ ಅಂದರೆ ದೇವರಿಗೆ ತಿಳಿಯುತ್ತದೆ.

ಬೇರೆ ಧರ್ಮದವರ ಮನೆಗೆ ಹೋದಾಗ ಅವರ ಮನೆಯ ರೀತಿಗೆ ತಲೆಬಾಗಿ. ದುಃಖದಲ್ಲಿ ಮೆತ್ತಗಾದ ಮನಸ್ಸನ್ನು ನಮ್ಮ ಕಡೆ ಎಳೆದುಕೊಳ್ಳುವ ಅವಕಾಶ ಅಂತ ನೋಡುವುದು ಕಳ್ಳತನಕ್ಕೆ ಸಮ, ನಾನು ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಪಕ್ಕದ ಮನೆಯ ಅಕ್ಕ ನನಗೆ ನೀರು ತುಂಬಿಸುವಾಗ ನನ್ನಿಂದ ಏನೂ ಬಯಸಿರಲಿಲ್ಲ. ಅವಳ ಮೊಮ್ಮಗ ಡೆಂಗಿಯಿಂದ ಐಸಿಯುದಲ್ಲಿದ್ದಾಗ, “ಮನ್ಯಾಗ ನಿಮ್ಮ ಸಲುವಾಗಿ ದೇವರಿಗೆ ಕೇಳ್ಕೊತೀನಿ” ಅಂದೆ. ಅವಳು ಕಣ್ಣೊರೆಸಿಕೊಂಡು, “ಕೇಳ್ಕೋಬೇ, ನಿಮ್ಮ ದೇವ್ರಿಗೂ ಹೇಳು” ಅಂದಳು. ಹುಡುಗ ಉಳಿದ.

ಮುಖ ತೋರಿಸಲಾಗದವರು

ಸಾವಿನ ಮನೆಗೆ, ರೋಗಿಯ ಮನೆಗೆ ಎಲ್ಲರೂ ಹೋಗುತ್ತಾರೆ. ಮಾನ ಹೋದವರ ಮನೆಗೆ ಯಾರೂ ಹೋಗುವುದಿಲ್ಲ. ಯೇಸು ಆರಿಸಿದ ಶಿಷ್ಯರಾದ ಅಪೊಸ್ತಲರು ಯೋಸೇಫ ಎಂಬವನಿಗೆ ಬಾರ್ನಬ, ಅಂದರೆ ಧೈರ್ಯದಾಯಕ, ಅಂತ ಹೆಸರಿಟ್ಟರು. ಅವನ ಕೆಲಸ ಏನಿತ್ತು ಅಂತ ಹುಡುಕಿದರೆ, ಬಹುಪಾಲು ಇಂಥವರನ್ನು ಕರೆದುಕೊಂಡು ಬರುವುದೇ. ಸಭೆಯನ್ನು ಹಿಂಸಿಸುತ್ತಿದ್ದ ಸೌಲ, ಮುಂದೆ ಪೌಲ ಅನ್ನಿಸಿಕೊಂಡವನು, ಯೆರೂಸಲೇಮಿಗೆ ಬಂದಾಗ ಎಲ್ಲರೂ ಹೆದರಿ ದೂರ ನಿಂತರು. ಬಾರ್ನಬ ಅವನನ್ನು ಅಪೊಸ್ತಲರ ಹತ್ತಿರ ಕರೆದೊಯ್ದ. ಮುಂದೆ ಅವನನ್ನು ಹುಡುಕಿಕೊಂಡು ತಾರ್ಸಕ್ಕೆ ಹೋಗಿ ಅಂತಿಯೋಕ್ಯಕ್ಕೆ ತಂದ. ಅರ್ಧ ದಾರಿಯಲ್ಲಿ ಬಿಟ್ಟು ಹೋಗಿದ್ದ ಮಾರ್ಕನಿಗೆ ಇನ್ನೊಂದು ಅವಕಾಶ ಕೊಡಲು ಪೌಲನ ಜೊತೆಗೇ ಜಗಳವಾಡಿದ. ಅದೇ ಪೌಲ ಕೊನೆಗಾಲದಲ್ಲಿ ಸೆರೆಮನೆಯಿಂದ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗವಾಗುತ್ತಾನೆ ಅಂತ ತಿಮೊಥೆಯನಿಗೆ ಬರೆದ.

ನಮ್ಮ ಸಭೆಯ ಒಬ್ಬ ತಂಗಿ ಮೂರು ತಿಂಗಳು ಆರಾಧನೆಗೆ ಬರಲಿಲ್ಲ. ಮಗಳ ಫೀಗೆ, ಗಂಡನ ಆಪರೇಶನ್ನಿಗೆ ಅಂತ ಮೂರು ಕಡೆ ಸಂಘದ ಸಾಲ ತೆಗೆದಿದ್ದಳು. ವಾರದ ಕಂತು ಕಟ್ಟಲಾಗದೆ, ಮುಂಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿಸಿ ಹಿತ್ತಲಿನಿಂದ ಓಡಾಡುತ್ತಿದ್ದಳು. ನಾನು ಹಿತ್ತಲಿನಿಂದಲೇ ಹೋದೆ. ಮೊದಲ ದಿನ ಸಾಲದ ಮಾತೇ ತೆಗೆಯಲಿಲ್ಲ, ಅವಳ ಜೊತೆ ಕೂತು ಬೆಳ್ಳುಳ್ಳಿ ಸುಲಿದೆ. ಎರಡನೆಯ ಭೇಟಿಯಲ್ಲಿ ಅವಳೇ ಪಾಸ್‌ಪುಸ್ತಕ ತಂದು ಮುಂದಿಟ್ಟಳು. ಒಂದು ಹಾಳೆಯಲ್ಲಿ ಮೂರು ಸಾಲ, ಕಟ್ಟಿದ್ದೆಷ್ಟು, ಉಳಿದದ್ದೆಷ್ಟು ಬರೆದೆವು. ಬರೆದು ನೋಡಿದಾಗ ಅದು ಅವಳು ಅಂದುಕೊಂಡದ್ದಕ್ಕಿಂತ ಕಡಿಮೆ ಇತ್ತು. ಮಂಗಳವಾರ ವಸೂಲಿಗೆ ಬರುವ ಹೊತ್ತಿಗೆ ನಾನು ಅವಳ ಕಟ್ಟೆಯ ಮೇಲೆ ಕೂತೆ. ಏನೂ ಮಾತಾಡಲಿಲ್ಲ. ಬಿಳಿಕೂದಲಿನ ಮುದುಕಿಯೊಬ್ಬಳು ನೋಡುತ್ತ ಕೂತರೆ ಬಂದವರ ದನಿ ತಾನಾಗಿ ಇಳಿಯುತ್ತದೆ. 2025ರ ಫೆಬ್ರುವರಿಯಲ್ಲಿ ಸಾಲ ವಸೂಲಿಯ ಕಿರುಕುಳದ ವಿರುದ್ಧ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು, ಪೊಲೀಸರಿಗೆ ದೂರು ಕೊಡಬಹುದು ಅಂತ ಅವಳಿಗೆ ತಿಳಿಸಿದೆ.

ಆಮೇಲಿನ ಭಾನುವಾರ ಬೆಳಿಗ್ಗೆ ಅವಳ ಮನೆಗೆ ಹೋಗಿ, ಮುಂಬಾಗಿಲಿನಿಂದ ಹೊರಡಿಸಿ, ಜೊತೆಯಲ್ಲಿ ನಡೆದುಕೊಂಡು ಬಂದೆ. ‘ಆರಾಧನೆಗೆ ಬಾ’ ಅಂತ ಕರೆಯುವುದು ಬೇರೆ, ಬಾಗಿಲಿಗೆ ಹೋಗಿ ಕರೆದುಕೊಂಡು ಬರುವುದು ಬೇರೆ. ಹಿಂದಿನ ದಿನವೇ ಕೂಟದ ಇಬ್ಬರಿಗೆ, “ನಾಳೆ ಅಕಿ ಬರ್ತಾಳ, ಇಷ್ಟು ದಿನ ಯಾಕ ಬರಲಿಲ್ಲ ಅಂತ ಯಾರೂ ಕೇಳಬಾರದು” ಅಂತ ಹೇಳಿಟ್ಟಿದ್ದೆ. ಯಾರೂ ಕೇಳಲಿಲ್ಲ. ಮೂರನೆಯ ಬೆಂಚಿನಲ್ಲಿ ನನ್ನ ಪಕ್ಕದಲ್ಲಿ ಕೂತಳು. ಗೀತೆ ಹಾಡುವಾಗ ಅವಳ ದನಿ ಹೊರಡಲಿಲ್ಲ. ಹೊರಡದಿದ್ದರೆ ಬೇಡ, ಅವತ್ತು ನಾವು ಅವಳ ಪಾಲನ್ನೂ ಹಾಡಿದೆವು.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. “ನಾ ಇದ್ದು ಏನು ಮಾಡೂದೈತಿ”, “ನಾ ಹೋದ್ರ ಎಲ್ಲಾರಿಗೂ ಸುಖ” ಅಂತ ಯಾರಾದರೂ ಅಂದರೆ ಅದನ್ನು ಬರೀ ದುಃಖದ ಮಾತು ಅಂತ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೆಚ್ಚುವುದಿಲ್ಲ, ಹೊರಗೆ ಬರಲು ದಾರಿಯಾಗುತ್ತದೆ. ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿ, ಗುಳಿಗೆಗಳನ್ನು ತೆಗೆದಿಡಿ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರರ ಹತ್ತಿರ ಕರೆದೊಯ್ಯುವುದು ವಿಶ್ವಾಸದ ಕೊರತೆಯಲ್ಲ.

ಮೂರು ತಿಂಗಳ ನಂತರ

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕಷ್ಟದ ಹೊತ್ತು ಮೊದಲ ವಾರವಲ್ಲ. ಮೂರನೆಯ ತಿಂಗಳು. ಅಷ್ಟು ಹೊತ್ತಿಗೆ ಫೋನುಗಳು ನಿಂತಿರುತ್ತವೆ, ಬಂದವರೆಲ್ಲ ತಮ್ಮ ತಮ್ಮ ಬದುಕಿಗೆ ಹಿಂದಿರುಗಿರುತ್ತಾರೆ, ಇವಳ ಮನೆಯಲ್ಲಿ ಮಾತ್ರ ಸಂಜೆ ಆರು ಗಂಟೆ ಮುಗಿಯುವುದಿಲ್ಲ. ಆದ್ದರಿಂದ ಮಣ್ಣಿನ ದಿನವೇ ನಾನು ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ: ಒಂದು ತಿಂಗಳು, ಮೂರು ತಿಂಗಳು, ಅವರ ಮದುವೆಯ ದಿನ, ಹೋದವರ ಹುಟ್ಟುಹಬ್ಬ, ಮೊದಲ ಕ್ರಿಸ್ಮಸ್. ಈಸ್ಟರ್ ಬೆಳಗಿನ ಜಾವ ಸಮಾಧಿಗೆ ಹೋಗುವಾಗ ಮೊದಲ ವರ್ಷದವರು ಒಬ್ಬರೇ ಹೋಗಬಾರದು. ಹಿಂದಿನ ದಿನ ಹುಲ್ಲು ಕಿತ್ತು ಸುಣ್ಣ ಬಳಿಯುವಾಗಲೇ ಜೊತೆಗಿರಿ.

ನಿಮಗೂ ದಣಿವಾಗುತ್ತದೆ. ಯುದ್ಧದ ಹೊತ್ತಿನಲ್ಲಿ ಮೇಲೆತ್ತಿ ಹಿಡಿದಿದ್ದ ಮೋಶೆಯ ಕೈ ಸೋತಾಗ ಆರೋನನೂ ಹೂರನೂ ಎರಡು ಕಡೆ ಹಿಡಿದರು. ಪಾಳಿ ಹಾಕಿಕೊಳ್ಳಿ, ವಾರಕ್ಕೆ ಒಂದೇ ಮನೆ ಹಿಡಿಯಿರಿ.

ಎಲ್ಲಿಯ ತನಕ ಹೋಗಬೇಕು ಅಂತ ಹುಡುಗಿಯರು ಕೇಳುತ್ತಾರೆ. ಹೋದ ವರ್ಷ ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ಒಬ್ಬ ಹುಡುಗಿಯ ಮನೆಗೆ ನಾನು ಪ್ರತಿ ಬುಧವಾರ ನಾಲ್ಕಕ್ಕೆ ಹೋಗುತ್ತಿದ್ದೆ. ಹೆಚ್ಚು ಸಲ ಅವಳು ಮಾತಾಡುತ್ತಿರಲಿಲ್ಲ. ನಾನು ಅವಳ ಮಗನ ಗಣಿತದ ಲೆಕ್ಕ ನೋಡಿ, ಒಣಗಿದ ಬಟ್ಟೆ ಮಡಚಿಟ್ಟು ಬರುತ್ತಿದ್ದೆ. ಏಳನೆಯ ತಿಂಗಳಿನ ಒಂದು ಬುಧವಾರ ಅವಳು ಬಾಗಿಲು ತೆಗೆದು, ನಾನು ಮೆಟ್ಟಿಲು ಹತ್ತುವುದನ್ನೇ ನೋಡಿ, “ಆಂಟಿ, ನಿಮ್ಮ ಮೊಣಕಾಲು ಬ್ಯಾನಿ ಹ್ಯಾಂಗೈತ್ರಿ? ಕುಂದರ್ರಿ, ಚಾ ಇಡ್ತೀನಿ” ಅಂದಳು. ಅಷ್ಟು ತಿಂಗಳಲ್ಲಿ ಅವಳು ನನ್ನ ಬಗ್ಗೆ ಕೇಳಿದ್ದು ಅದೇ ಮೊದಲು. ನಾನು ಕೂತು ಚಹಾ ಕುಡಿದೆ. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು. ಅವತ್ತಿನಿಂದ ಅವಳ ಮನೆಗೆ ತಿಂಗಳಿಗೊಮ್ಮೆ ಹೋಗುತ್ತಿದ್ದೇನೆ, ಬುಧವಾರ ಇನ್ನೊಂದು ಮನೆಗೆ ಕೊಟ್ಟಿದ್ದೇನೆ.